ಗ್ರೀಸ್ ಡಬ್ಬದ ಮುಚ್ಚಳ

ಮೆಕ್ಯಾನಿಕ್ಕುಗಳೆಲ್ಲ ಕೆಲಸ ಮುಗಿದ ಮೇಲೆ ಕೈ ತೊಳೆಯುತ್ತಾರೆ. ನಮ್ಮ ಮೇಸ್ತ್ರಿ ಕೆಲಸಕ್ಕೆ ಮುಂಚೆ ತೊಳೆಯುತ್ತಿದ್ದರು. ಎಲ್ಲ ಕೆಲಸಕ್ಕೂ ಅಲ್ಲ. ಇಂಜಿನ್ ಬಿಚ್ಚುವ ದಿನ ಅವರ ಕೈ ನಮ್ಮ ರೊಟ್ಟಿ ಹಂಚಿನ ತಳದಷ್ಟೇ ಕಪ್ಪಗಿರುತ್ತಿತ್ತು. ಆದರೆ ಚಕ್ರದ ಬೇರಿಂಗ್ ಮುಟ್ಟುವ ದಿನ ಮಾತ್ರ ನಮ್ಮ ನಲ್ಲಿಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಸೀಗೆಪುಡಿ ಹಾಕಿ ಮೊಣಕೈವರೆಗೂ ಉಜ್ಜುತ್ತಿದ್ದರು. ಉಗುರಿನ ಸಂದಿಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದರು.

ನಮ್ಮತ್ತೆ ಕೆಣಕುತ್ತಿದ್ದರು. "ಏನ್ ಮೇಸ್ತ್ರಿ, ಪೂಜೆಗೆ ಕೂತ್ಕೋತೀರಾ?"

"ದೇವ್ರಿಗೆ ಕೊಳೆ ಆದ್ರೆ ಅಭಿಷೇಕ ಮಾಡ್ಬೋದು ದೊಡ್ಡಮ್ಮ. ಬೇರಿಂಗ್‌ಗೆ ಆದ್ರೆ ತಿಥಿ ಮಾಡ್ಬೇಕಾಗುತ್ತೆ."

ಅವರು ಹೋಗಿ ಹದಿನೈದು ದಿನವಾಯಿತು. ಕೆಂಗೇರಿಯಲ್ಲಿ ಮಗಳ ಮನೆಯಲ್ಲಿದ್ದರು. ತೊಂಬತ್ತರ ಹತ್ತಿರ ವಯಸ್ಸು. ಅಳುವಂಥ ಸಾವಲ್ಲ, ನಾನು ಅಳಲೂ ಇಲ್ಲ. ಆದರೆ ಹನ್ನೊಂದನೇ ದಿನ ಅಲ್ಲಿ ಒಂದು ಮಾತು ಬಂತು. ಆ ಮಾತಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಮಾತನ್ನು ತಿದ್ದಬೇಡ ಅಂತ ಹೇಳಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಮೇಸ್ತ್ರಿ, ಅಷ್ಟೆ.

ಎಪ್ಪತ್ತರ ದಶಕದಲ್ಲಿ ಗೋವಿಂದರಾಜನಗರದಿಂದ ಮಾರೇನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಹಿಟ್ಟಿನ ಮಿಲ್ಲು ಇತ್ತು. ನಮ್ಮ ಯಜಮಾನರು ಫ್ಯಾಕ್ಟರಿಗೆ ಹೋಗುತ್ತಿದ್ದರು. ಮಿಲ್ಲನ್ನು ನಾನೂ ನಮ್ಮತ್ತೆಯೂ ನಡೆಸುತ್ತಿದ್ದೆವು. ಪಕ್ಕದ ಶೆಡ್ಡನ್ನು ಮೇಸ್ತ್ರಿಗೆ ಬಾಡಿಗೆಗೆ ಕೊಟ್ಟಿದ್ದೆವು. ಎರಡಕ್ಕೂ ನಡುವೆ ಎದೆಮಟ್ಟದ ಗೋಡೆ, ಅದರಿಂದ ಮೇಲಕ್ಕೆ ಸೂರಿನವರೆಗೂ ಬಯಲು. ನಮ್ಮ ಹಿಟ್ಟು ಆಚೆಗೆ ಹಾರುತ್ತಿತ್ತು, ಅವರ ಪೆಟ್ರೋಲ್ ವಾಸನೆ ಈಚೆಗೆ ಬರುತ್ತಿತ್ತು. ಒಂದು ಸಲ ರಾಗಿಹಿಟ್ಟು ಪೆಟ್ರೋಲ್ ನಾರುತ್ತೆ ಅಂತ ಒಬ್ಬಳು ಜಗಳಕ್ಕೆ ಬಂದಳು. ಮೇಸ್ತ್ರಿ ಗೋಡೆಯ ಆಚೆಯಿಂದಲೇ, "ತಗೊಂಡ್ಹೋಗಮ್ಮ, ಆ ಮುದ್ದೆ ತಿಂದ್ರೆ ನಿನ್ನ ಗಂಡ ಬಸ್ಸಿಗೆ ಕಾಯದೆ ಓಡ್ತಾನೆ" ಅಂದರು. ಅವಳು ನಕ್ಕು ಹೋದಳು. ನಾನಾಗಿದ್ದರೆ ಜಗಳ ಸಂಜೆವರೆಗೂ ನಡೆಯುತ್ತಿತ್ತು.

ಆ ಗೋಡೆಯ ಮೇಲೆ ಅವರ ಗ್ರೀಸ್ ಡಬ್ಬ. ಹಳೇ ವನಸ್ಪತಿ ಡಬ್ಬ, ಮುಚ್ಚಳ ಗಟ್ಟಿಯಾಗಿ ಕೂರುವಂಥದ್ದು. ನೆಲದ ಮಣ್ಣು ಸೋಕಬಾರದು ಅಂತ ಗೋಡೆಯ ಮೇಲೆ ಇಟ್ಟಿದ್ದರು, ಮಿಲ್ಲಿನ ಧೂಳು ಬೀಳಬಾರದು ಅಂತ ಮುಚ್ಚಳವನ್ನು ಹುಡುಕಿ ತಂದಿದ್ದರು.

ನನಗೆ ಬೇರಿಂಗ್ ಅಂದರೇನು ಅಂತ ಗೊತ್ತಾಗಿದ್ದು ಅವರಿಂದ. ಒಂದು ದಿನ ಮಿಲ್ಲು ಓಡುತ್ತಿರುವಾಗ ಗೋಡೆಯ ಆಚೆಯಿಂದ ತಲೆ ಎತ್ತಿ, "ತಂಗಿ, ಮನೇಲಿ ಒನಕೆ ಇದ್ರೆ ತಗೊಂಡ್ಬಾ" ಅಂದರು. ತಂದುಕೊಟ್ಟೆ. ಒನಕೆಯ ಒಂದು ತುದಿಯನ್ನು ಮಿಲ್ಲಿನ ಕೆಳಗೆ ಬೇರಿಂಗ್ ಇರುವ ಕಡೆ ಒತ್ತಿ, ಇನ್ನೊಂದು ತುದಿಗೆ ಕಿವಿ ಇಟ್ಟರು. ಆಮೇಲೆ ನನಗೆ ಕೊಟ್ಟರು.

"ಏನ್ ಕೇಳುತ್ತೆ?"

"ಯಾರೋ ಹುರಿಗಡಲೆ ಅಗೀತಾ ಇದಾರೆ."

"ಯಾರೋ ಅಲ್ಲ. ನಿಮ್ಮ ಬೇರಿಂಗ್ ತನ್ನ ಹಲ್ಲು ತಾನೇ ಅಗೀತಾ ಇದೆ. ನಿಲ್ಸು ಮಿಲ್ಲು."

ಬಿಚ್ಚಿ ನೋಡಿದರೆ ಒಳಗಿನ ಗುಂಡುಗಳ ಮೈಯೆಲ್ಲ ಸಿಡುಬಿನ ಕಲೆ. ನಾವು ತಿಂಗಳಿಗೊಮ್ಮೆ ಮಿಲ್ಲಿನ ಕಲ್ಲು ಕುಟ್ಟುತ್ತಿದ್ದೆವು. ಬೀಸಿ ಬೀಸಿ ಕಲ್ಲು ನುಣ್ಣಗಾದರೆ ಹಿಟ್ಟು ಕಾದು ಕಮರುತ್ತದೆ. ಮೇಲಿನ ಕಲ್ಲು ಎತ್ತಿಟ್ಟು, ಉಳಿ ಸುತ್ತಿಗೆ ಹಿಡಿದು ಕಲ್ಲಿಗೆ ಹೊಸ ಹಲ್ಲು ಎಬ್ಬಿಸಬೇಕು. ಅದು ನನ್ನ ಕೆಲಸ. ಮೇಲಿನ ಕಲ್ಲು ತೆಗೆದರೆ ಕೆಳಗಿನ ಕಲ್ಲಿನ ನಡುವಿನ ತೂತಿನಲ್ಲಿ ಬೇರಿಂಗ್ ಬಾಯಿ ತೆರೆದುಕೊಂಡಿರುತ್ತದೆ. ಕಲ್ಲಿನ ಪುಡಿ ನೇರ ಅದರೊಳಕ್ಕೆ.

"ಹಿಟ್ಟು ಬಿದ್ರೆ ಗ್ರೀಸ್ ಗಟ್ಟಿ ಆಗುತ್ತೆ, ಅಷ್ಟೆ" ಅಂದರು ಮೇಸ್ತ್ರಿ. "ಕಲ್ಲಿನ ಪುಡಿ ಬಿದ್ರೆ ಉಕ್ಕನ್ನೇ ತಿನ್ನುತ್ತೆ. ಇನ್ಮೇಲೆ ಅದನ್ನ ಮುಚ್ದೆ ಉಳಿ ಎತ್ಬೇಡ."

ಅವತ್ತಿನಿಂದ ಗೋಣಿಯ ತುಂಡು ಒದ್ದೆ ಮಾಡಿ ಮುಚ್ಚದೆ ನಾನು ಉಳಿ ಎತ್ತಿದ್ದಿಲ್ಲ. ಒಂದು ಮಾತು ಒಂದು ಸಲ ಹೇಳಿದರೆ ನನಗೆ ಸಾಕು. ಆ ಜಂಬವೇ ಮುಂದೆ ಕೆಲಸ ಕೆಡಿಸಿತು.

ಮೇಸ್ತ್ರಿ ಕೆಲಸ ಕಲಿತಿದ್ದು ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ಇಂಗ್ಲಿಷ್ ಸಾಹೇಬರ ಶೆಡ್ಡಿನಲ್ಲಿ. ಆದ್ದರಿಂದ ಹಳೇ ವಿಲಾಯತಿ ಕಾರುಗಳು ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ಅಂಥದ್ದರಲ್ಲಿ ಒಂದು ರಾಜಾಜಿನಗರದ ಒಬ್ಬ ಯುವಕನ ರೇಸಿನ ಕಾರು. ಅದರ ಹೆಸರು ನನಗೆ ಆಗಲೂ ಬಾಯಿಗೆ ಬರಲಿಲ್ಲ, ಈಗಲೂ ಬರುವುದಿಲ್ಲ. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಸೂರಿಲ್ಲ, ನೆಲಕ್ಕೆ ಅಂಟಿಕೊಂಡು ಕೂತಿರುತ್ತಿತ್ತು. ನಾನು ಕಪ್ಪೆ ಅನ್ನುತ್ತಿದ್ದೆ. ನಮ್ಮತ್ತೆ ಬಚ್ಚಲ ತೊಟ್ಟಿ ಅನ್ನುತ್ತಿದ್ದರು. ಮೇಸ್ತ್ರಿಗೆ ಮಾತ್ರ ಅದರ ಮೇಲೆ ಪ್ರಾಣ. ಬೇರೆ ಕಾರುಗಳ ಬಾಗಿಲನ್ನು ಗುದ್ದಿ ಹಾಕುತ್ತಿದ್ದರು. ಇದರ ಬಾಗಿಲನ್ನು ಮಲಗಿದ ಮಗುವಿನ ಕೋಣೆಯ ಬಾಗಿಲಿನಂತೆ ಮುಚ್ಚುತ್ತಿದ್ದರು.

ಆ ಕಾರಿನವನು ಒಂದು ದಿನ ಬಂದು, "ಮೇಸ್ತ್ರಿ, ಸ್ಪೀಡ್ ಹೋದ್ರೆ ಮುಂದ್ಗಡೆ ಗುಂಯ್ ಅನ್ನುತ್ತೆ. ಟಯರ್ ಇರ್ಬೇಕು" ಅಂದ.

"ಟಯರ್ ಆದ್ರೆ ರಸ್ತೆ ಬದಲಾದ ಹಾಗೆ ರಾಗ ಬದಲಾಯಿಸುತ್ತೆ ಸಾರ್. ಇದು ಟಾರಲ್ಲೂ ಮಣ್ಣಲ್ಲೂ ಒಂದೇ ರಾಗನಾ?"

"ಒಂದೇ."

"ಎಡಕ್ಕೆ ತಿರುಗಿಸ್ದಾಗ ಜಾಸ್ತಿನೋ, ಬಲಕ್ಕೆ ತಿರುಗಿಸ್ದಾಗ್ಲೋ?"

"ಎಡಕ್ಕೆ."

"ಹಾಗಾದ್ರೆ ಬಲಗಡೆ ಚಕ್ರ."

ನಾನು ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದೆ. ಎಡಕ್ಕೆ ತಿರುಗಿಸಿದರೆ ಬಲಗಡೆ ಹೇಗೆ ಅಂತ ಕೇಳಿದೆ. ಅವರು ನನ್ನ ಕಡೆ ತಿರುಗಿ, "ತುಂಬಿದ ಕೊಡ ತಲೆ ಮೇಲಿಟ್ಕೊಂಡು ಓಡ್ತಾ ಎಡಕ್ಕೆ ತಿರುಗು. ಭಾರ ಯಾವ ಕಾಲಿಗೆ ಬೀಳುತ್ತೆ?" ಅಂದರು. ಬಲಗಾಲಿಗೆ. ನನಗೆ ಅರ್ಥವಾಯಿತು. ಕಾರಿನವನಿಗೆ ಆಗಲಿಲ್ಲ. ಅವನು ಕೊಡ ಹೊತ್ತವನಲ್ಲ.

ಜಾಕ್ ಎತ್ತಿ ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲುಗಿಸಿದರು. ಸಡಿಲ ಹಲ್ಲಿನ ಹಾಗೆ ಕಟಕಟ ಅಂತು. ಆಮೇಲೆ ಚಕ್ರ ತಿರುಗಿಸಿ, ನನ್ನನ್ನು ಕರೆದು ಆ ಚಕ್ರದ ಒಳಬದಿಯ ಸ್ಪ್ರಿಂಗಿನ ಮೇಲೆ ಅಂಗೈ ಇಡಿಸಿದರು. ರಾಗಿ ಬೀಸುವಾಗ ಕಲ್ಲಿನ ನಡುವೆ ಮರಳು ಸಿಕ್ಕಿದರೆ ಕೈಗೆ ಹೇಗೆ ಆಗುತ್ತದೋ ಹಾಗೆ ಆಯಿತು. ಎಡಗಡೆಯದೂ ಅದೇ ದಾರಿಯಲ್ಲಿತ್ತು. ಒಂದೊಂದು ಚಕ್ರಕ್ಕೆ ಎರಡು ಬೇರಿಂಗ್, ಒಟ್ಟು ನಾಲ್ಕು ಬೇಕು. ಬೆಂಗಳೂರಿನಲ್ಲೆಲ್ಲೂ ಸಿಗಲಿಲ್ಲ. ಅವನ ಕಡೆಯವರು ಯಾರೋ ವಿಲಾಯತಿಯಿಂದ ತರಬೇಕಾಯಿತು. ಅಲ್ಲಿಯವರೆಗೆ ಎರಡು ತಿಂಗಳು ಕಪ್ಪೆ ಟಾರ್ಪಾಲಿನ್ ಹೊದ್ದುಕೊಂಡು ಶೆಡ್ಡಿನಲ್ಲೇ ಕೂತಿತ್ತು.

ಬೇರಿಂಗ್ ಬಂದಿದ್ದು ಒಂದು ಗುರುವಾರ. ಭಾನುವಾರ ಮದರಾಸಿನ ಹತ್ತಿರ ರೇಸು. ಶುಕ್ರವಾರ ಮಧ್ಯಾಹ್ನ ಅವನು ಕಾರು ತೆಗೆದುಕೊಂಡು ಹೊರಡಬೇಕು. ವರ್ಷದಿಂದ ಕಾದಿದ್ದ ರೇಸು ಅದು.

ಶುಕ್ರವಾರ ಬೆಳಿಗ್ಗೆ ಮೇಸ್ತ್ರಿ ಸ್ಪ್ಲಿಟ್ ಪಿನ್ ತರಲು ಸೈಕಲ್ ಹತ್ತಿ ಜೆ.ಸಿ. ರಸ್ತೆಗೆ ಹೋದರು. ಚಕ್ರದ ನಟ್ಟು ಬಿಚ್ಚಿಕೊಳ್ಳದ ಹಾಗೆ ಅಡ್ಡ ಹಾಕುವ ತಂತಿಯಂಥ ಪಿನ್ ಅದು. ಹಳೆಯದನ್ನೇ ನೆಟ್ಟಗೆ ಮಾಡಿ ಹಾಕಿದರೆ ಆಗದೇ ಅಂತ ಕೇಳಿದ್ದೆ. "ಒಂದ್ಸಲ ಬಗ್ಗಿದ್ದು ಇನ್ನೊಂದ್ಸಲ ಬಗ್ಗೋವಾಗ ಮುರಿಯುತ್ತೆ ತಂಗಿ. ಮನುಷ್ಯರ ಮಾತು ಬೇರೆ" ಅಂದಿದ್ದರು.

ಅದೇ ಬೆಳಿಗ್ಗೆ ನಾನು ಕಲ್ಲು ಕುಟ್ಟಲು ಕೂತೆ. ಮೇಲಿನ ಕಲ್ಲು ಎತ್ತಿಟ್ಟೆ. ಬೇರಿಂಗ್ ಮುಚ್ಚುವ ಗೋಣಿ ತುಂಡು ಸಿಗಲಿಲ್ಲ. ನಮ್ಮತ್ತೆ ಅದರಲ್ಲಿ ಜಗುಲಿ ಒರೆಸಿ ಎಲ್ಲೋ ಎಸೆದಿದ್ದರು. ಮುಚ್ಚದೆ ಉಳಿ ಎತ್ತಬೇಡ ಅನ್ನುವ ಮಾತು ತಲೆಯಲ್ಲಿ ಕೂತಿತ್ತು. ಸುತ್ತ ನೋಡಿದೆ. ಗೋಡೆಯ ಮೇಲೆ ದುಂಡನೆಯ ಮುಚ್ಚಳ, ತೂತಿಗೆ ಅಳತೆ ತೆಗೆದು ಮಾಡಿಸಿದ ಹಾಗೆ ಇತ್ತು. ಕಿತ್ತು ತಂದು ನಮ್ಮ ಬೇರಿಂಗ್ ಮೇಲೆ ಇಟ್ಟೆ. ಎಂಟರಿಂದ ಹತ್ತರವರೆಗೆ ಕುಟ್ಟಿದೆ. ಮುಗಿದ ಮೇಲೆ ಮುಚ್ಚಳವನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಡಬ್ಬಕ್ಕೆ ಒತ್ತಿ ಮುಚ್ಚಿದೆ. ಡಬ್ಬದ ಒಳಗೆ ಏನಾಗಿದೆ ಅಂತ ನೋಡಲಿಲ್ಲ. ನಮ್ಮ ಬೇರಿಂಗ್ ಉಳಿಯಿತು ಅಂತ ಸಮಾಧಾನವಾಗಿತ್ತು.

ಮೇಸ್ತ್ರಿ ಹತ್ತೂವರೆಗೆ ಬಂದರು. ನಲ್ಲಿಯ ಹತ್ತಿರ ಕೂತು ಕೈ ತೊಳೆದರು, ಉಗುರು ತಿಕ್ಕಿದರು. ಗೋಡೆಯ ಮೇಲಿಂದ ಡಬ್ಬ ತೆಗೆದುಕೊಂಡರು. ಮುಚ್ಚಳ ಗಟ್ಟಿಯಾಗಿ ಕೂತಿತ್ತು. ಅನುಮಾನ ಪಡುವುದಕ್ಕೆ ಏನೂ ಇರಲಿಲ್ಲ.

ಅವರು ಬೇರಿಂಗ್‌ಗೆ ಗ್ರೀಸ್ ತುಂಬುವುದು ನೋಡುವಂತಿತ್ತು. ಅಂಗೈಯಲ್ಲಿ ಗ್ರೀಸ್ ಮುದ್ದೆ ಇಟ್ಟು, ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯುತ್ತಿದ್ದರು. ಉರುಳೆಗಳ ಸಂದಿಯಿಂದ ಆಚೆ ಕಡೆಗೆ ಗ್ರೀಸ್ ಶಾವಿಗೆಯ ಹಾಗೆ ಹೊರಗೆ ಬರಬೇಕು. ಬರುವವರೆಗೆ ಬಿಡುತ್ತಿರಲಿಲ್ಲ. ಹಿತ್ತಾಳೆ ಸಲಾಕೆ ಇಟ್ಟು ಬೇರಿಂಗಿನ ಹೊರಬಳೆಯನ್ನು ಸುತ್ತಲೂ ಮೆಲ್ಲಗೆ ಹೊಡೆದು ಕೂರಿಸುತ್ತಿದ್ದರು. ಠಣ್ ಠಣ್ ಅನ್ನುತ್ತಿದ್ದದ್ದು ತಳ ಮುಟ್ಟಿದಾಗ ಟೊಕ್ ಅನ್ನುತ್ತದೆ. ಕೊನೆಗೆ ಚಕ್ರ ತಿರುಗಿಸುತ್ತಾ ನಟ್ಟು ಬಿಗಿದು, ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟು ಪಿನ್ ಹಾಕುತ್ತಿದ್ದರು. "ಬಿಗಿದ್ರೆ ಸುಡುತ್ತೆ, ಬಿಟ್ರೆ ಕುಣಿಯುತ್ತೆ" ಅನ್ನುವುದು ಅವರ ಮಾತು. ಸೊಸೆಯಂದಿರ ವಿಷಯಕ್ಕೂ ಅದನ್ನೇ ನಮ್ಮತ್ತೆಗೆ ಹೇಳಿದ್ದರು.

ಹನ್ನೆರಡಕ್ಕೆ ಕಾರಿನವನು ಬಂದ. ನಿಂತಲ್ಲಿ ನಿಲ್ಲಲಿಲ್ಲ. "ಆಯ್ತಾ ಮೇಸ್ತ್ರಿ? ಇನ್ನೆಷ್ಟೊತ್ತು ಮೇಸ್ತ್ರಿ?" ಒಂದು ಗಂಟೆಗೆ ಕೆಲಸ ಮುಗಿಯಿತು. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಓಡಿಸಿ ನೋಡಿ ಬರೋಣ ಅಂತ ಇಬ್ಬರೂ ಹತ್ತಿದರು. ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತು ಟವೆಲ್ಲನ್ನು ತಲೆಗೆ ಕಟ್ಟಿಕೊಂಡರು. ಕಪ್ಪೆ ಎರಡು ತಿಂಗಳ ಮೇಲೆ ಜಿಗಿಯಿತು.

ನಾನು ಪೊರಕೆ ತೆಗೆದುಕೊಂಡೆ. ಕಲ್ಲು ಕುಟ್ಟಿದ ಪುಡಿ ನೆಲದ ಮೇಲೆಲ್ಲ ಇತ್ತು. ಗೋಡೆಯ ಮೇಲೂ ಬೂದಿಯ ಹಾಗೆ ಹರಡಿತ್ತು. ಅದರ ನಡುವೆ ಒಂದು ದುಂಡನೆಯ ಜಾಗ ಮಾತ್ರ ಚೊಕ್ಕಟವಾಗಿತ್ತು. ಡಬ್ಬ ಇದ್ದ ಜಾಗ.

ಪೊರಕೆ ಹಿಡಿದುಕೊಂಡೇ ಆ ದುಂಡು ಜಾಗವನ್ನು ನೋಡಿದೆ. ಸುತ್ತ ಇಷ್ಟು ಬಿದ್ದಿದ್ದರೆ, ಬಾಯಿ ತೆರೆದಿದ್ದ ಡಬ್ಬದೊಳಗೆ ಎಷ್ಟು ಬಿದ್ದಿರಬೇಕು?

ಆಚೆ ಹೋಗಿ ಡಬ್ಬ ತೆರೆದೆ. ಒಂದು ಚಿಟಿಕೆ ಗ್ರೀಸ್ ತೆಗೆದು ಬೆರಳಲ್ಲಿ ತಿಕ್ಕಿದೆ. ಚುರ್ ಅಂತು. ಅನ್ನದಲ್ಲಿ ಕಲ್ಲು ಸಿಕ್ಕಿದರೆ ಹಲ್ಲಿಗೆ ಗೊತ್ತಾಗುವ ಹಾಗೆ ಬೆರಳಿಗೆ ಗೊತ್ತಾಯಿತು.

ಅವರು ಹೋಗಿ ಹತ್ತು ನಿಮಿಷವಾಗಿತ್ತು.

"ಏನಾಯ್ತೇ? ಹಾಗೆ ನಿಂತಿದೀಯ?" ನಮ್ಮತ್ತೆ ಬಾಗಿಲಿಗೆ ಬಂದರು. ಹೇಳಿದೆ. ಅವರು ಮಿಲ್ಲಿನ ಮೆಟ್ಟಿಲ ಮೇಲೆ ಕೂತರು.

"ಮುಚ್ಚಳ ತೆಗ್ದಿದ್ದು ಯಾರಾದ್ರೂ ನೋಡಿದ್ರಾ?"

"ಇಲ್ಲ."

"ಹಾಗಿದ್ರೆ ಬಾಯಿ ಮುಚ್ಕೊಂಡು ಗುಡಿಸು. ಆ ಹುಡುಗನ ಅಪ್ಪ ದೊಡ್ಡ ಮನುಷ್ಯ. ನಾಳೆ ಮಿಲ್ಲಿಗೆ ಬೀಗ ಹಾಕಿಸ್ತಾನೆ."

"ಚಕ್ರ ಕಿತ್ಕೊಂಡು ಹೋದ್ರೆ?"

"ಹೋಗೋದಿದ್ರೆ ಹೋಗುತ್ತೆ. ನೀನು ಇಲ್ಲಿ ಕೂಗಿದ್ರೆ ಕೆಂಗೇರಿಗೆ ಕೇಳ್ಸುತ್ತಾ?"

ನಾನು ರಸ್ತೆಗೆ ಓಡಿದೆ, ಯಾರನ್ನೋ ಸ್ಕೂಟರಿನಲ್ಲಿ ಕಳಿಸಿದೆ ಅಂತ ಬರೆದುಕೊಳ್ಳಬಹುದು. ಕೇಳುವವರು ಯಾರೂ ಇಲ್ಲ. ಹಾಗೆ ಮಾಡಲಿಲ್ಲ. ಗುಡಿಸಿದೆ. ಗೋಡೆಯ ಮೇಲಿನ ಪುಡಿಯನ್ನೂ ಗುಡಿಸಿದೆ. ಆ ದುಂಡು ಜಾಗವೂ ಅಳಿಸಿಹೋಯಿತು. ಆಮೇಲೆ ಗೇಟಿನ ಹತ್ತಿರ ಹೋಗಿ ನಿಂತೆ. ಮೂವರು ರಾಗಿ ತಂದರು. ಮಿಲ್ಲು ಇವತ್ತಿಲ್ಲ ಅಂತ ಕಳಿಸಿದೆ. ಬಂದ ಬಸ್ಸು, ಲಾರಿ, ಎತ್ತಿನಗಾಡಿ ಎಲ್ಲದರ ಸದ್ದಿನ ಹಿಂದೆಯೂ ಇನ್ನೊಂದು ಸದ್ದು ಹುಡುಕುತ್ತಿದ್ದೆ. ಮೇಸ್ತ್ರಿಯ ಮಗಳಿಗೆ ಆಗ ನಾಲ್ಕು ವರ್ಷ. ಹೆಂಡತಿ ಹೋಗಿ ಒಂದು ವರ್ಷವಾಗಿತ್ತು. ಅದನ್ನು ನೆನೆಸಿಕೊಳ್ಳಬಾರದು ಅಂದುಕೊಂಡಷ್ಟೂ ಅದೇ ನೆನಪಾಗುತ್ತಿತ್ತು.

ಎರಡೂವರೆಗೆ ಬಂದರು, ಇಬ್ಬರೂ ಬಂದರು.

ಕಾರಿನವನು ನಗುತ್ತಾ ಇಳಿದ. "ಬೆಣ್ಣೆ ಮೇಸ್ತ್ರಿ, ಬೆಣ್ಣೆ ಹಾಗೆ ಹೋಗುತ್ತೆ. ನಾನು ಹೊರಟೆ."

ಮೇಸ್ತ್ರಿ ನಗಲಿಲ್ಲ. ಮುಂದಿನ ಚಕ್ರದ ಹತ್ತಿರ ಕುಕ್ಕರಿಸಿ, ನಡುವಿನ ಗುಂಬದ ಮೇಲೆ ಹಿಂಗೈ ಇಟ್ಟರು. ಎದ್ದು ಆಚೆ ಕಡೆಯದನ್ನೂ ಮುಟ್ಟಿದರು. ಮತ್ತೆ ಮೊದಲಿನದಕ್ಕೆ ಬಂದರು.

"ಏನೋ ಒಂದು ಸಣ್ಣ ಸದ್ದು ಇದೆ ಸಾರ್."

"ನನಗೇನೂ ಕೇಳಿಸ್ಲಿಲ್ಲ."

"ಗಾಳಿ ಜೋರಿತ್ತು. ಈ ಕಡೇದು ಸ್ವಲ್ಪ ಬಿಸಿನೂ ಆಗಿದೆ."

"ಹೊಸ ಬೇರಿಂಗ್ ಬಿಸಿ ಆಗುತ್ತೆ ಅಂತ ನೀವೇ ತಾನೆ ಆಗ್ಲೇ ಹೇಳಿದ್ದು?"

"ಹೇಳಿದ್ದೆ."

"ಮತ್ತೆ?"

ಮೇಸ್ತ್ರಿ ಮತ್ತೆ ಗುಂಬಕ್ಕೆ ಹಿಂಗೈ ಇಟ್ಟರು. ಅವರು ತಮ್ಮ ಕಿವಿಯನ್ನೇ ಅನುಮಾನಿಸುತ್ತಿದ್ದದ್ದು ನನಗೆ ಕಂಡಿತು. ಕೈ ತೊಳೆದಿದ್ದಾರೆ, ಪಿನ್ ಹೊಸದು, ಬೇರಿಂಗ್ ಹೊಸದು, ಎಲ್ಲ ಕ್ರಮವಾಗಿ ಆಗಿದೆ. ತಪ್ಪು ಇರಬೇಕಾದರೆ ಎಲ್ಲಿಂದ ಬಂತು? ಅದೂ ಅಲ್ಲದೆ ಆ ಕಪ್ಪೆ ರೇಸಿಗೆ ಹೋಗುವುದು ಅವರಿಗೂ ಬೇಕಿತ್ತು. "ಸರಿ ಸಾರ್, ಹೊರಡಿ" ಅನ್ನುವ ಮಾತು ಅವರ ತುಟಿಗೆ ಬಂದಿತ್ತು.

"ಮೇಸ್ತ್ರಿ, ಇಲ್ಲಿ ಬನ್ನಿ" ಅಂದೆ.

"ಇರು ತಂಗಿ."

"ಇರೋಕಾಗಲ್ಲ. ಈಗ ಬನ್ನಿ."

ಹಿಂದಿನಿಂದ ನಮ್ಮತ್ತೆ ಕೆಮ್ಮಿದರು. ಆ ಕೆಮ್ಮಿನ ಅರ್ಥ ನನಗೆ ಗೊತ್ತಿತ್ತು. ಮೇಸ್ತ್ರಿ ನಲ್ಲಿಯ ಹತ್ತಿರ ಬಂದರು. ನನ್ನ ಬೆರಳಿಗೆ ಇನ್ನೂ ಅಂಟಿದ್ದ ಗ್ರೀಸನ್ನು ಅವರ ಬೆರಳಿಗೆ ಒರೆಸಿದೆ. ಅವರು ತಿಕ್ಕಿದರು. ಕಿವಿಯ ಹತ್ತಿರ ಹಿಡಿದು ಇನ್ನೊಂದು ಸಲ ತಿಕ್ಕಿದರು.

"ಎಲ್ಲೀದು?"

"ನಿಮ್ಮ ಡಬ್ಬದ್ದು. ಬೆಳಿಗ್ಗೆ ಮುಚ್ಚಳ ತಗೊಂಡು ನಮ್ಮ ಬೇರಿಂಗ್ ಮೇಲೆ ಮುಚ್ಚಿದ್ದೆ. ಕಲ್ಲು ಕುಟ್ಟೋಕೆ."

"ಎಷ್ಟೊತ್ತು?"

"ಎರಡು ಗಂಟೆ."

ಅವರು ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ತಿರುಗಿ ಕಾರಿನ ಹತ್ತಿರ ಹೋಗಿ, "ಒಂದು ನಿಮಿಷ ಸಾರ್, ಇಂಜಿನ್ ನೋಡ್ಬಿಡ್ತೀನಿ" ಅಂತ ಬಾನೆಟ್ ಎತ್ತಿದರು. ಏನೋ ಸಣ್ಣದೊಂದು ಕಿತ್ತು ಷರ್ಟಿನ ಜೇಬಿಗೆ ಹಾಕಿಕೊಂಡು ಬಾನೆಟ್ ಮುಚ್ಚಿದರು. ಆಮೇಲೆ ಹೇಳಿದರು:

"ಕಾರು ಹೋಗೋ ಹಾಗಿಲ್ಲ. ಬೇರಿಂಗ್ ಮತ್ತೆ ಬಿಚ್ಚಬೇಕು."

"ಈಗಾ? ತಲೆ ಕೆಟ್ಟಿದೆಯಾ ನಿಮಗೆ?" ಅವನು ಹಾರಿ ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿದ. ಇಂಜಿನ್ ಕೆಮ್ಮಿತು, ಹತ್ತಲಿಲ್ಲ. ಮತ್ತೆ ಮಾಡಿದ. ಮತ್ತೆ.

"ಸ್ಟಾರ್ಟ್ ಆಗಲ್ಲ ಸಾರ್. ರೋಟರ್ ನನ್ನ ಜೇಬಲ್ಲಿದೆ."

ಅವನು ಇಳಿದು ಬಂದ. ಅಷ್ಟು ಹತ್ತಿರ ಬಂದು ನಿಂತ ಅಂದರೆ ಹೊಡೆದೇಬಿಡುತ್ತಾನೆ ಅನಿಸಿತು. "ಕೊಡಿ ಇಲ್ಲಿ. ನೀವೇನು ನಮ್ಮಪ್ಪನಾ, ನನ್ನ ತಡೆಯೋಕೆ?"

"ಅಲ್ಲ ಸಾರ್. ಚಕ್ರ ಹಾಕಿದೋನು."

ಮೇಸ್ತ್ರಿ ಕೈ ಜೇಬಿನ ಮೇಲೆ ಇತ್ತು. ಅಲ್ಲಿಂದ ಕದಲಲಿಲ್ಲ. ಕೊನೆಗೆ ಅವನೇ ಹಿಂದಕ್ಕೆ ಸರಿದು, ಕಾಲಿನಿಂದ ಜಾಕನ್ನು ಇವರ ಕಡೆಗೆ ತಳ್ಳಿದ.

ಬಲಗಡೆ ಚಕ್ರ ಬಿಚ್ಚಿದರು. ಹೊರಗಿನ ಬೇರಿಂಗ್ ತೆಗೆದು ಪೆಟ್ರೋಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದರು. ಬೆಳಿಗ್ಗೆ ಅದರ ಉರುಳೆಗಳು ಕನ್ನಡಿ ಹಾಗೆ ಹೊಳೆಯುತ್ತಿದ್ದದ್ದನ್ನು ನಾನೇ ನೋಡಿದ್ದೆ. ಈಗ ಮಂಕಾಗಿ, ಮೈತುಂಬ ಸಣ್ಣ ಗೀರು. ಅದನ್ನು ಅವನ ಅಂಗೈಯಲ್ಲಿ ಇಟ್ಟರು.

"ಕೆಂಗೇರಿಗೆ ಹೋಗಿ ಬಂದಿದ್ದಕ್ಕೇ ಇಷ್ಟು. ರೇಸಲ್ಲಿ ಕಾದು ಹಿಡ್ಕೊಂಡಿದ್ರೆ ನಿಮಗಿಂತ ಮುಂಚೆ ನಿಮ್ಮ ಚಕ್ರ ಗೆದ್ದಿರೋದು."

ಅವನು ನೋಡಿದ. ಅವನ ಮುಖದ ಬಣ್ಣ ಇಳಿಯಿತು. ಆಮೇಲೆ ಸಿಟ್ಟು ಬಂತು. ಹೆದರಿಕೆಯಾದ ಮೇಲೆ ಬರುವ ಸಿಟ್ಟು.

"ಹೇಗಾಯ್ತು ಇದು?"

ನಾನು ಗೋಡೆಯ ಈಚೆ ನಿಂತಿದ್ದೆ. ನಾಲ್ಕು ಮಾರು ದೂರ. ಮೇಸ್ತ್ರಿ ನನ್ನ ಕಡೆ ತಿರುಗಲಿಲ್ಲ.

"ಗ್ರೀಸಲ್ಲಿ ಕಲ್ಲಿನ ಪುಡಿ ಸೇರಿದೆ ಸಾರ್. ತಿಕ್ಕಿ ನೋಡ್ದೆ ಹಾಕ್ಬಿಟ್ಟೆ. ನನ್ನ ತಪ್ಪು."

ಅವನು ಬೈದ. ಇಲ್ಲಿ ಬರೆಯುವಂಥ ಮಾತುಗಳಲ್ಲ. ಕೈ ತೊಳೆಯುವ ನಾಟಕ ಯಾರಿಗೆ ಬೇಕಿತ್ತು ಅಂತಲೂ ಅಂದ. ಮೇಸ್ತ್ರಿ ಬಗ್ಗಿಕೊಂಡು ಉಳಿದ ಮೂರು ಬೇರಿಂಗ್ ತೊಳೆಯುತ್ತಿದ್ದರು. ಹೆಚ್ಚು ಪುಡಿ ಹೋಗಿದ್ದು ಆ ಒಂದಕ್ಕೇ, ಮೂರೂ ಉಳಿದವು. ಹಾಳಾದ ಒಂದಕ್ಕೆ ಬದಲಿ ಸಿಗುವ ಹಾಗಿರಲಿಲ್ಲ. ರೇಸು ಹೋಯಿತು. ನಾನು ಬಾಯಿ ಬಿಡಲಿಲ್ಲ. ಪ್ರಾಣ ಉಳಿಯಿತಲ್ಲ, ಅಷ್ಟು ಸಾಕು ಅಂದುಕೊಂಡೆ. ಉಳಿದದ್ದು ನನಗೆ ಅನುಕೂಲವಾಗಿತ್ತು.

ಅವನು ಆಟೋ ಹಿಡಿದು ಹೋದ ಮೇಲೆ ಮೇಸ್ತ್ರಿಯನ್ನು ಕೇಳಿದೆ. "ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬೇರಿಂಗ್ ಸರಿಹೋಗ್ತಿತ್ತಾ?"

ಅವರು ಡಬ್ಬದ ಗ್ರೀಸನ್ನೆಲ್ಲ ಕಾಗದಕ್ಕೆ ಸುರಿಯುತ್ತಾ, ತಲೆ ಎತ್ತದೆ ಕೇಳಿದರು: "ನಿಮ್ಮ ಬೇರಿಂಗ್ ಉಳೀತು ತಾನೆ?"

"ಉಳೀತು."

"ಹೋಗ್ಲಿ. ಹೇಳ್ಕೊಟ್ಟಿದ್ದು ಅರ್ಧ ಆದ್ರೂ ತಲೆಗೆ ಹೋಗಿದೆ."

ಒಂದು ವಾರದಲ್ಲಿ ಕಪ್ಪೆಯನ್ನು ಜೀಪಿಗೆ ಕಟ್ಟಿ ಎಳೆಸಿಕೊಂಡು ಹೋದರು. ಅದು ಮತ್ತೆ ಬರಲಿಲ್ಲ. ಅಂಥ ಬೇರೆ ಕಾರುಗಳೂ ಬರಲಿಲ್ಲ. ವೇಗದ ಕಾರಿನವರೆಲ್ಲ ಒಬ್ಬರಿಗೊಬ್ಬರು ಗೊತ್ತಿದ್ದವರೇ. ಆ ಮೇಸ್ತ್ರಿ ಗ್ರೀಸಿಗೆ ಮಣ್ಣು ಕಲಸುತ್ತಾನೆ ಅಂತ ಮಾತು ಹಬ್ಬಿತು. ಮುಂದೆ ಅವರು ಟ್ಯಾಕ್ಸಿ, ಟೆಂಪೋ, ಗೂಡ್ಸ್ ಆಟೋ ರಿಪೇರಿ ಮಾಡಿಕೊಂಡೇ ಕಾಲ ಕಳೆದರು. ಆ ಟಾರ್ಪಾಲಿನ್ ಮಾತ್ರ ಬಹಳ ದಿನ ಮಡಿಸಿ ಮೂಲೆಯಲ್ಲಿ ಇಟ್ಟಿದ್ದರು. ಮಳೆಗಾಲದಲ್ಲಿ ಕಾಳಿನ ಮೂಟೆ ಮುಚ್ಚಲು ಕೇಳಿದಾಗ, ಇಲ್ಲ ಅಂದರು. ನನಗೆ ಅವರು ಇಲ್ಲ ಅಂದದ್ದು ಅದೊಂದೇ.

ಅವರು ದೊಡ್ಡ ಮನುಷ್ಯರು, ಅಂದೇ ಮರೆತುಬಿಟ್ಟರು ಅಂತ ಬರೆದರೆ ಸುಳ್ಳಾಗುತ್ತದೆ. ಅವತ್ತಿನಿಂದ ಗ್ರೀಸ್ ಡಬ್ಬ ತೆರೆದಾಗಲೆಲ್ಲ ಒಂದು ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಕಿವಿಯ ಹತ್ತಿರ ಹಿಡಿದು ನೋಡುತ್ತಿದ್ದರು. ನಾನು ಗೋಡೆಯ ಈಚೆ ಇದ್ದರೂ ತಿಕ್ಕುತ್ತಿದ್ದರು. ಅದು ನನಗೆ ತೋರಿಸುವುದಕ್ಕೆ ಅಂತ ನನ್ನ ಲೆಕ್ಕ. ಬೈದಿದ್ದರೆ ನಾನೂ ಬೈದು ಮುಗಿಸುತ್ತಿದ್ದೆ. ಹದಿಮೂರು ವರ್ಷ, ಅವರು ಶೆಡ್ಡು ಬಿಟ್ಟು ಹೋಗುವವರೆಗೂ, ಆ ಎರಡು ಬೆರಳನ್ನು ನೋಡಿಕೊಂಡು ಹಲ್ಲು ಕಚ್ಚಿದೆ. ಎಷ್ಟು ಸಿಟ್ಟು ಇಟ್ಟುಕೊಳ್ಳುತ್ತಾನೆ ಈ ಮನುಷ್ಯ ಅಂದುಕೊಳ್ಳುತ್ತಿದ್ದೆ.

ಈಗ ಹನ್ನೊಂದನೇ ದಿನದ ಮಾತು. ಕೆಂಗೇರಿಯ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನನ್ನ ಎದುರಿನ ಕುರ್ಚಿಯಲ್ಲಿ ಕೋಲು ಹಿಡಿದ ಒಬ್ಬ ಮುದುಕ ಕೂತಿದ್ದ. ಪೇಪರಿನಲ್ಲಿ ಫೋಟೋ ನೋಡಿ ಬಂದೆ, ನಾನು ಒಂದು ಕಾಲದಲ್ಲಿ ರೇಸ್ ಕಾರು ಓಡಿಸುತ್ತಿದ್ದೆ ಅಂತ ಮೇಸ್ತ್ರಿಯ ಮಗಳಿಗೆ ಹೇಳುತ್ತಿದ್ದ. ಗುರುತು ಸಿಕ್ಕಿತು.

"ಕೈ ಬಹಳ ಚೆನ್ನಾಗಿತ್ತಮ್ಮ ನಿಮ್ಮ ತಂದೇದು. ಒಂದೇ ಒಂದು ಸಲ ಯಾಮಾರಿಬಿಟ್ರು. ಕೊಳೆ ಗ್ರೀಸ್ ಹಾಕ್ಬಿಟ್ಟಿದ್ರು."

ಮಗಳು ತಲೆ ತಗ್ಗಿಸಿದಳು. "ಗೊತ್ತು ಸಾರ್. ಒಬ್ಬರ ಪ್ರಾಣ ತೆಗೀತಿದ್ದೆ ಅಂತ ಅಪ್ಪ ಹೇಳೋರು. ಕೊನೇ ತಿಂಗಳು ನಮ್ಮ ಗುರುತೂ ಸಿಗ್ತಿರ್ಲಿಲ್ಲ. ಆದ್ರೂ ಮಲಗಿದಲ್ಲೇ ಬೆರಳು ತಿಕ್ಕಿ ತಿಕ್ಕಿ ಕಿವಿ ಹತ್ರ ಇಟ್ಕೊಳೋರು. ಯಾಕಪ್ಪಾ ಅಂದ್ರೆ, ತಿಕ್ಕಿ ನೋಡ್ಬೇಕಿತ್ತು ಅನ್ನೋರು."

ನನ್ನ ಮೇಲಿನ ಸಿಟ್ಟು ಅಂತ ನಾನು ಅಷ್ಟು ವರ್ಷ ಹಲ್ಲು ಕಚ್ಚಿದ್ದು ಆ ಬೆರಳುಗಳಿಗೆ. ಮನೆಯಲ್ಲೂ ನನ್ನ ಹೆಸರು ಹೇಳಿರಲಿಲ್ಲ. ಹೇಳಬಾರದು ಅಂತ ಅಲ್ಲ. ತಪ್ಪು ತಮ್ಮದೇ ಅಂತ ನಿಜವಾಗಿ ನಂಬಿದ್ದರು.

ನಾನು ಕೂತಲ್ಲಿಂದಲೇ ಹೇಳಿದೆ. "ನಿಮ್ಮಪ್ಪನ ತಪ್ಪಲ್ಲ ಕಣಮ್ಮ ಅದು. ಡಬ್ಬದ ಮುಚ್ಚಳ ತೆಗೆದು, ಎರಡು ಗಂಟೆ ಕಲ್ಲು ಕುಟ್ಟಿ, ಏನೂ ಆಗದ ಹಾಗೆ ಮತ್ತೆ ಮುಚ್ಚಿಟ್ಟೋಳು ನಾನು."

ಮುದುಕ ಕೋಲನ್ನು ಮುಂದಕ್ಕೆ ಊರಿ ನನ್ನನ್ನು ನೋಡಿದ.

"ನೀವು ಯಾರು?"

"ಪಕ್ಕದ ಹಿಟ್ಟಿನ ಮಿಲ್ಲಿನೋಳು."

ಅವನು ಬಹಳ ಹೊತ್ತು ನೆನೆಸಿಕೊಂಡ. "ಅವತ್ತು ಗೋಡೆ ಆಚೆ ನಿಂತಿದ್ರಿ."

"ನಿಂತಿದ್ದೆ."

"ನಾನು ಅವರನ್ನ ಬೈಯೋವಾಗ ಅಲ್ಲೇ ಇದ್ರಿ."

"ಇದ್ದೆ."

"ಹೇಳ್ಬೋದಿತ್ತು."

"ಹೇಳ್ಬೋದಿತ್ತು" ಅಂದೆ.